ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ: ಕಾರಿಗೆ ಸಿಂಥೆಟಿಕ್ ಆಯಿಲ್ ಆರಿಸುವ ಬಗ್ಗೆ

ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕಾರು ಇಟ್ಟುಕೊಂಡಿರುವ ನೆರೆಹೊರೆಯವರ ಮುಂದೆ ಆಡಿದ ಮಾತುಗಳಿವು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ತಾತನ ಎತ್ತಿನ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಕೊಳವೆ ಸದಾ ನೇತಾಡುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಜಿಡ್ಡು. ಸಂತೆಗೆ ಹೊರಡುವ ಮುಂಚೆ ತಾತ ಕಡಾಣಿ ಕಿತ್ತು, ಚಕ್ರವನ್ನು ತುಸು ಹೊರಕ್ಕೆಳೆದು, ಅಚ್ಚಿಗೆ ಅದನ್ನು ಬಳಿಯುತ್ತಿದ್ದರು. ಒಂದು ಸಲ ಮರೆತರೆ ಊರು ದಾಟುವಷ್ಟರಲ್ಲಿ ಗಾಡಿ ಕಿರುಗುಟ್ಟುತ್ತಿತ್ತು, ಎತ್ತುಗಳಿಗೆ ಎಳೆತ ಭಾರವಾಗುತ್ತಿತ್ತು. ಯಂತ್ರಕ್ಕೆ ಎಣ್ಣೆ ಯಾಕೆ ಬೇಕು ಅನ್ನುವುದನ್ನು ನಾನು ಕಲಿತದ್ದು ಅಲ್ಲಿ.

ಅದೇ ಹರಳೆಣ್ಣೆ ಎಂಜಿನ್ನಿನೊಳಗೂ ಇತ್ತು. ಮೊದಲ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳ ರೋಟರಿ ಎಂಜಿನ್‌ಗಳು ಓಡಿದ್ದು ಹರಳೆಣ್ಣೆಯ ಮೇಲೆಯೇ. ಕ್ಯಾಸ್ಟ್ರಾಲ್ ಎನ್ನುವ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಹರಳೆಣ್ಣೆ ಬೆರೆಸಿದ ಎಣ್ಣೆಯನ್ನು 1909ರಲ್ಲಿ ಆ ಹೆಸರಿಟ್ಟು ಮಾರಿತು. ಹರಳೆಣ್ಣೆಗೆ ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣವಿದೆ, ಹಾಗಾಗಿ ಒತ್ತಡ ಬಿದ್ದರೂ ಪದರ ಕಿತ್ತುಹೋಗುವುದಿಲ್ಲ. ಆದರೆ ಬಿಸಿಯಲ್ಲಿ ಕಾದೂ ಕಾದೂ ಅದು ಅಂಟಾಗುತ್ತದೆ, ಕರಿದ ಬಾಣಲೆಯ ಅಂಚಿನಲ್ಲಿ ಕಂದು ಬಣ್ಣದ ಅಂಟು ಕಟ್ಟುತ್ತದಲ್ಲ, ಹಾಗೆ. ಬಿಸಿಗೆ ತೀರಾ ತೆಳುವಾಗಬಾರದು, ತಣ್ಣಗಿದ್ದಾಗ ಹರಿಯಲು ಮೊಂಡಾಟ ಮಾಡಬಾರದು, ಅಂಟು ಕಟ್ಟಬಾರದು. ಕಳೆದ ನೂರು ವರ್ಷಗಳಲ್ಲಿ ಎಂಜಿನ್ ಆಯಿಲ್ ಮಾಡುವವರು ಪಟ್ಟ ಪಾಡೆಲ್ಲ ಈ ಮೂರಕ್ಕಾಗಿಯೇ. ಸಿಂಥೆಟಿಕ್ ಆಯಿಲ್ ಆ ಪಾಡಿನ ಫಲ.

ನಾನು ಇಪ್ಪತ್ತೈದು ವರ್ಷ ಗ್ಯಾರೇಜು ನಡೆಸಿದವನು. ಈ ಅವಧಿಯಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ, "ಯಾವ ಬ್ರ್ಯಾಂಡ್ ಹಾಕಲಿ?" ಎನ್ನುವುದು. ಅದು ನಾಲ್ಕನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದವು ಮೂರಿವೆ: ಯಾವ ಗ್ರೇಡು (ಎಣ್ಣೆ ಎಷ್ಟು ದಪ್ಪ ಅಥವಾ ತೆಳು), ಯಾವ ದರ್ಜೆ (ಎಣ್ಣೆ ಯಾವ ಗುಣಮಟ್ಟದ ಪರೀಕ್ಷೆ ಪಾಸಾಗಿದೆ), ಎಷ್ಟು ದಿನಕ್ಕೆ ಬದಲಾವಣೆ. ಡಬ್ಬಿಯ ಮುಂಭಾಗದಲ್ಲಿ ಹೊಳೆಯುವ ಅಕ್ಷರದಲ್ಲಿ 'ಫುಲ್ಲಿ ಸಿಂಥೆಟಿಕ್' ಎಂದಿರುತ್ತದೆ. ನಿಮ್ಮ ಎಂಜಿನ್ನಿಗೆ ಬೇಕಾದ ಮಾಹಿತಿ ಹಿಂಭಾಗದಲ್ಲಿ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ.

ಗ್ರೇಡಿನಿಂದ ಶುರು ಮಾಡೋಣ. 5ಡಬ್ಲ್ಯೂ-30 ಅಂತ ಇರುತ್ತದೆ. ಈ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ, ಕೊರೆಯುವ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ300 ಎನ್ನುವ ಮಾನಕದ ಪ್ರಕಾರ, ಸ್ಟಾರ್ಟ್ ಮಾಡುವಾಗ ಎಂಜಿನ್ ತಿರುಗಲು ಎಣ್ಣೆ ಎಷ್ಟು ಅಡ್ಡಿ ಮಾಡುತ್ತದೆ ಎನ್ನುವ ಪರೀಕ್ಷೆ 0ಡಬ್ಲ್ಯೂಗೆ ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂಗೆ ಮೈನಸ್ 30ರಲ್ಲಿ, 15ಡಬ್ಲ್ಯೂಗೆ ಮೈನಸ್ 20ರಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾದರೆ 0ಡಬ್ಲ್ಯೂ ನಮಗೇಕೆ ಎಂದು ನೀವು ಕೇಳಬಹುದು. ಕೆನಡಾದಲ್ಲಿರುವ ನನ್ನ ತಂಗಿಯ ಮಗನಿಗೆ ಅದು ಬೇಕೇ ಬೇಕು, ಚಳಿಗಾಲದಲ್ಲಿ ಲೇಹ್ ಕಡೆ ಕಾರಿನಲ್ಲಿ ಹೋಗುವವರಿಗೂ ಅನುಕೂಲ. ನಮಗೆ ಹೆಪ್ಪುಗಟ್ಟುವ ಭಯ ಇಲ್ಲ, ನಿಜ. ಆದರೆ ಎಂಜಿನ್ನಿನ ಲೆಕ್ಕದಲ್ಲಿ ಮೈಸೂರಿನ ಡಿಸೆಂಬರ್ ಬೆಳಗೂ ತಣ್ಣನೆಯದೇ. 40 ಡಿಗ್ರಿಯಲ್ಲಿ ಅಳೆದರೆ ಸಾಮಾನ್ಯ 15ಡಬ್ಲ್ಯೂ-40 ಎಣ್ಣೆಯ ದಪ್ಪ 0ಡಬ್ಲ್ಯೂ-20ಯದಕ್ಕಿಂತ ಸುಮಾರು ಎರಡು ಪಟ್ಟಿಗೂ ಹೆಚ್ಚು. 15 ಡಿಗ್ರಿಗೆ ಬಂದರೆ ಅಂತರ ಇನ್ನೂ ದೊಡ್ಡದು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಳಗಿನ ಚೇಂಬರಿನಲ್ಲಿ ಇಳಿದು ಕೂತಿರುವ ಎಣ್ಣೆ ಮೇಲಿನ ಕ್ಯಾಮ್‌ಶಾಫ್ಟಿನವರೆಗೆ ಏರಬೇಕು. ಅದು ಏರುವ ತನಕ ಎಂಜಿನ್ ಹಳೆಯ ಪದರದ ಮೇಲೆ ದಿನ ದೂಡುತ್ತಿರುತ್ತದೆ. ತೆಳು ಎಣ್ಣೆ ಬೇಗ ಏರುತ್ತದೆ.

ಇನ್ನು ಅಡ್ಡಗೆರೆಯ ಆಚೆಗಿನ ಅಂಕಿ. ಅದು 100 ಡಿಗ್ರಿಯಲ್ಲಿ ಎಣ್ಣೆಯ ದಪ್ಪ. ಇಲ್ಲಿ ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಗಟ್ಟಿ ಎಣ್ಣೆಯೇ ಬೇಕು, 20ಡಬ್ಲ್ಯೂ-50 ಹಾಕಿಬಿಡಿ ಎಂದು ಹೇಳುವ ಹಿರಿಯ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಅವರು ಕಲಿತದ್ದು ಹಳೆಯ ಅಂಬಾಸಿಡರ್, ಪದ್ಮಿನಿ ಎಂಜಿನ್‌ಗಳ ಮೇಲೆ. ಆ ಎಂಜಿನ್‌ಗಳಿಗೆ ಅವರ ಮಾತು ಸರಿಯಾಗಿಯೇ ಇತ್ತು. ಈಗಿನ ಎಂಜಿನ್ನಿನಲ್ಲಿ ಥರ್ಮೋಸ್ಟ್ಯಾಟ್, ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಹೊರಗೆ 25 ಇರಲಿ, 43 ಇರಲಿ, ರೇಡಿಯೇಟರ್ ಮತ್ತು ಫ್ಯಾನ್ ನೆಟ್ಟಗಿದ್ದರೆ ಒಳಗಿನ ಎಣ್ಣೆಗೆ ಅದರಿಂದ ಆಗುವ ವ್ಯತ್ಯಾಸ ನಾವು ಅಂದುಕೊಂಡಷ್ಟಿಲ್ಲ. ಎಣ್ಣೆಯನ್ನು ನಿಜವಾಗಿ ಕಾಯಿಸುವುದು ಭಾರ ಮತ್ತು ವೇಗ: ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ, ಆಗುಂಬೆಯಂಥ ಘಾಟಿ.

ಮಾರುತಿಯ ಈಚಿನ ಹಲವು ಪೆಟ್ರೋಲ್ ಎಂಜಿನ್‌ಗಳಿಗೆ ಕಂಪನಿಯೇ 0ಡಬ್ಲ್ಯೂ-16 ಹೇಳುತ್ತದೆ. ಹೋಂಡಾದ ಹಲವು ಎಂಜಿನ್‌ಗಳಿಗೆ 0ಡಬ್ಲ್ಯೂ-20. ಡಬ್ಬಿ ಬಗ್ಗಿಸಿದರೆ ನೀರಿನ ಹಾಗೆ ಸುರಿಯುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ನನಗೂ ಮೊದಮೊದಲು ಹಾಗೆ ಅನಿಸಿತ್ತು. ಆದರೆ ಆ ಎಂಜಿನ್ನಿನ ಬೇರಿಂಗುಗಳ ನಡುವಿನ ಸಂದು, ಆಯಿಲ್ ಪಂಪು, ವಾಲ್ವ್ ಟೈಮಿಂಗ್ ಬದಲಿಸುವ ಸಣ್ಣ ಸಣ್ಣ ಎಣ್ಣೆ ದಾರಿಗಳು ಎಲ್ಲವನ್ನೂ ಆ ತೆಳು ಎಣ್ಣೆ ಗಮನದಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಅಲ್ಲಿಗೆ 20ಡಬ್ಲ್ಯೂ-50 ಸುರಿಯುವುದು ಎಂಜಿನ್ನಿಗೆ ಉಪಕಾರ ಮಾಡಿದಂತಲ್ಲ. ಎಣ್ಣೆ ತಡವಾಗಿ ಏರುತ್ತದೆ, ಮೈಲೇಜು ಇಳಿಯುತ್ತದೆ, ವಾಲ್ವ್ ಟೈಮಿಂಗ್ ವ್ಯವಸ್ಥೆ ಮಂದವಾಗುತ್ತದೆ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡುವುದಿಲ್ಲ. ಇಷ್ಟು ತೆಳು ಎಣ್ಣೆ ಬಂದದ್ದರಲ್ಲಿ ಇಂಧನ ಉಳಿತಾಯದ ಒತ್ತಾಯದ ಪಾಲು ದೊಡ್ಡದು. 150 ಡಿಗ್ರಿಯಲ್ಲಿ, ಬೇರಿಂಗಿನಲ್ಲಿ ಆಗುವಂಥದೇ ತಿಕ್ಕಾಟದಲ್ಲಿ ಎಣ್ಣೆಯ ಪದರ ಎಷ್ಟು ಗಟ್ಟಿ ನಿಲ್ಲುತ್ತದೆ ಎಂದು ಅಳೆಯುವ ಎಚ್‌ಟಿಎಚ್‌ಎಸ್ ಎಂಬ ಪರೀಕ್ಷೆಯಿದೆ. ಅದರ ಅಂಕಿ ಹೆಚ್ಚಿದಷ್ಟೂ ಪದರ ಗಟ್ಟಿ. ಅದರಲ್ಲಿ 16 ಗ್ರೇಡಿಗೆ ಕನಿಷ್ಠ 2.3 ಇದ್ದರೆ ಸಾಕು, 20ಕ್ಕೆ 2.6, 30ಕ್ಕೆ 2.9. ಯುರೋಪಿನ ವಾಹನ ತಯಾರಕರ ಎಸಿಇಎ ಸಂಘದ ಎ3/ಬಿ4 ಮತ್ತು ಸಿ3 ದರ್ಜೆಗಳು ಕನಿಷ್ಠ 3.5 ಕೇಳುತ್ತವೆ. ಅದಕ್ಕಾಗಿ ನನ್ನ ಅಭಿಪ್ರಾಯ ಇಷ್ಟು: ಕಾರಿನ ಜೊತೆ ಬರುವ ಕೈಪಿಡಿಯಲ್ಲಿ, ಅಂದರೆ ಮ್ಯಾನ್ಯುಯಲ್‌ನಲ್ಲಿ, ಒಂದೇ ಗ್ರೇಡ್ ಕೊಟ್ಟಿದ್ದರೆ ಅದನ್ನೇ ಹಾಕಿ. ಎರಡು ಮೂರು ಗ್ರೇಡ್ ಕೊಟ್ಟು, ಉಷ್ಣಾಂಶದ ಪಟ್ಟಿ ಇಟ್ಟಿದ್ದರೆ, ಹೆದ್ದಾರಿಯಲ್ಲಿ ತುಂಬು ಭಾರದೊಂದಿಗೆ ಓಡಿಸುವವರು ಅದರೊಳಗಿನ ದಪ್ಪದ್ದನ್ನು ಆರಿಸಿಕೊಳ್ಳಿ. ಪಟ್ಟಿಯ ಹೊರಗೆ ಹೋಗಬೇಡಿ.

ಈಗ ಸಿಂಥೆಟಿಕ್ ಎನ್ನುವ ಪದಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ನಿಮ್ಮ ದುಡ್ಡು ಹೋಗುವುದು ಈ ಪದಕ್ಕೆ.

ಯಾವುದೇ ಎಂಜಿನ್ ಆಯಿಲಿನಲ್ಲಿ ಎರಡು ಭಾಗ. ಮುಕ್ಕಾಲಿಗೂ ಹೆಚ್ಚು ಪಾಲು ಮೂಲ ಎಣ್ಣೆ, ಬೇಸ್ ಆಯಿಲ್. ಉಳಿದದ್ದು ಸೇರ್ಪಡೆಗಳು: ಮಸಿ, ಕೊಳೆಯನ್ನು ತೊಳೆಯುವಂಥವು, ಅದನ್ನು ಒಂದೆಡೆ ಕೂರಲು ಬಿಡದೆ ತೇಲಿಸಿಡುವಂಥವು, ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತ, ನೊರೆ ಬಾರದಂತೆ ತಡೆಯುವಂಥವು. ಮೂಲ ಎಣ್ಣೆಯನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಕಚ್ಚಾ ತೈಲವನ್ನು ಶುದ್ಧಿ ಮಾಡಿ ಬಂದವು. ಇವನ್ನು ನಾವು ಮಿನರಲ್ ಆಯಿಲ್ ಎನ್ನುತ್ತೇವೆ. ನಾಲ್ಕನೆಯದು ಪಿಎಒ, ರಾಸಾಯನಿಕ ಕಾರ್ಖಾನೆಯಲ್ಲಿ ಸಣ್ಣ ಅಣುಗಳನ್ನು ಪೋಣಿಸಿ ಕಟ್ಟಿದ್ದು. ಐದನೆಯದರಲ್ಲಿ ಎಸ್ಟರ್ (ಆಮ್ಲ ಮತ್ತು ಆಲ್ಕೋಹಾಲ್ ಕೂಡಿ ಆಗುವ ಸಂಯುಕ್ತ) ಮೊದಲಾದ ಉಳಿದೆಲ್ಲವೂ ಸೇರುತ್ತವೆ. ಜೆಟ್ ವಿಮಾನಗಳ ಎಂಜಿನ್ನಿನಲ್ಲಿ ಇರುವುದು ಎಸ್ಟರ್ ಎಣ್ಣೆ. ಅಂದಹಾಗೆ ಹರಳೆಣ್ಣೆಯೂ ರಾಸಾಯನಿಕವಾಗಿ ಎಸ್ಟರ್ ಕುಲದ್ದೇ. ನಮ್ಮ ತಾತನ ಬಿದಿರಿನ ಕೊಳವೆಗೂ ಆಕಾಶದ ಜೆಟ್ಟಿಗೂ ದೂರದ ನೆಂಟಸ್ತನವಿದೆ ಎನ್ನುವುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಗೊಂದಲ ಇರುವುದು ಮೂರನೆಯ ಗುಂಪಿನಲ್ಲಿ. ಇದರ ಮೂಲವೂ ಸಾಮಾನ್ಯವಾಗಿ ಕಚ್ಚಾ ತೈಲವೇ. ಆದರೆ ಹೆಚ್ಚಿನ ಒತ್ತಡ, ಹೆಚ್ಚಿನ ಬಿಸಿಯಲ್ಲಿ ಜಲಜನಕ ಹಾಯಿಸಿ ಅಣುಗಳನ್ನು ಒಡೆದು ಮತ್ತೆ ಜೋಡಿಸುತ್ತಾರೆ. ಹೈಡ್ರೋಕ್ರ್ಯಾಕಿಂಗ್ ಎನ್ನುವ ವಿಧಾನ ಇದು. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಹೈಡ್ರೋಕ್ರ್ಯಾಕರ್ ಘಟಕಗಳಿವೆ, ಭಾರದ ತೈಲವನ್ನು ಒಡೆದು ಡೀಸೆಲ್‌ನಂಥ ಇಂಧನ ಮಾಡಲಿಕ್ಕೆ. ಮೂಲತತ್ವ ಒಂದೇ. ಹೀಗೆ ಮಾಡಿದ ಎಣ್ಣೆಯನ್ನು ಸಿಂಥೆಟಿಕ್ ಎಂದು ಕರೆಯಬಹುದೇ? ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಇದೇ ವಿಷಯಕ್ಕೆ ಜಗಳವಾಯಿತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು: ಕರೆಯಬಹುದು. ಅಂದಿನಿಂದ ಆ ಪದದ ಬಾಗಿಲು ಅಗಲವಾಯಿತು. ಜರ್ಮನಿಯಲ್ಲಿ ಮಾತ್ರ ಸಂಪೂರ್ಣ ಸಿಂಥೆಟಿಕ್ ಎನ್ನಲು ಪಿಎಒ ಅಥವಾ ಎಸ್ಟರ್ ಇರಬೇಕು ಎನ್ನುವ ಕಟ್ಟುನಿಟ್ಟು ಇದೆ. ಒಂದೇ ಎಣ್ಣೆ ಒಂದು ದೇಶದಲ್ಲಿ ಸಂಪೂರ್ಣ ಸಿಂಥೆಟಿಕ್, ಇನ್ನೊಂದರಲ್ಲಿ ಬೇರೆ ಹೆಸರು!

ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಮೂರನೆಯ ಗುಂಪಿನ ಎಣ್ಣೆ ಬಹಳ ಒಳ್ಳೆಯ ಎಣ್ಣೆ. ಅಂಗಡಿಯಲ್ಲಿ ಸಿಗುವ ಸಿಂಥೆಟಿಕ್ ಡಬ್ಬಿಗಳಲ್ಲಿ ಹೆಚ್ಚಿನವುಗಳ ಮೂಲ ಇದೇ. ಸೆಮಿ ಸಿಂಥೆಟಿಕ್ ಎಂದರೆ ಮಿನರಲ್ ಜೊತೆ ಇದನ್ನು ಬೆರೆಸಿದ್ದು, ಎಷ್ಟು ಬೆರೆಸಿದ್ದಾರೆ ಎಂದು ಡಬ್ಬಿ ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ಸಿಂಥೆಟಿಕ್ ಎನ್ನುವುದು ಎಣ್ಣೆಯ ಹುಟ್ಟಿನ ಬಗ್ಗೆ ಸ್ವಲ್ಪ ಹೇಳುತ್ತದೆ, ಅದು ನಿಮ್ಮ ಎಂಜಿನ್ನಿಗೆ ಹೊಂದುತ್ತದೆಯೇ ಎನ್ನುವುದರ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾದರೆ ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ಸಿಗುವುದೇನು? ಮೊದಲನೆಯದಾಗಿ, ಬಿಸಿಗೆ ಬೇಗ ಹಳಸುವುದಿಲ್ಲ. ಎರಡನೆಯದಾಗಿ, ಕಡಿಮೆ ಆವಿಯಾಗುತ್ತದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತು ಎಂದು ನೋಡುವ ನೊಆಕ್ ಪರೀಕ್ಷೆಯಲ್ಲಿ ಎಸಿಇಎ ಸಿ3 ಎಣ್ಣೆ 13 ಶೇಕಡಾಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು. ಮೂರನೆಯದಾಗಿ, 0ಡಬ್ಲ್ಯೂ-20ಯಂಥ ಗ್ರೇಡನ್ನು ಮಿನರಲ್ ಎಣ್ಣೆಯಿಂದ ಮಾಡಲು ಆಗುವುದೇ ಇಲ್ಲ ಎನ್ನಬೇಕು. ಹಾಗಾಗಿ ನಿಮ್ಮ ಮ್ಯಾನ್ಯುಯಲ್ 0ಡಬ್ಲ್ಯೂ ಹೇಳಿದ್ದರೆ, ಸಿಂಥೆಟಿಕ್ ಬೇಕೇ ಬೇಡವೇ ಎನ್ನುವ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಟರ್ಬೊ ಪೆಟ್ರೋಲ್ ಕಾರು ಇರುವವರು ಇಲ್ಲಿ ಎಷ್ಟು ಜನ? ಆರೇಳು ಕೈ ಕಾಣುತ್ತಿದೆ. ನೀವು ಈ ವಿಷಯದಲ್ಲಿ ಜಿಪುಣತನ ಮಾಡಲೇಬಾರದು. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಒಂದು ಬದಿಯಲ್ಲಿ ಕೆಂಪಗೆ ಕಾದ ಹೊಗೆ, ನಡುವೆ ತೆಳು ಎಣ್ಣೆಯ ಪದರ. ಹೆದ್ದಾರಿಯಲ್ಲಿ ಜೋರಾಗಿ ಬಂದು ಢಾಬಾ ಮುಂದೆ ತಟ್ಟನೆ ಆಫ್ ಮಾಡಿದರೆ, ಅಲ್ಲಿ ನಿಂತ ಎಣ್ಣೆ ಕಾದು ಕರಕಲಾಗುತ್ತದೆ. ಅದು ಕೂಡಿ ಕೂಡಿ ಎಣ್ಣೆ ಹೋಗುವ ಸಣ್ಣ ದಾರಿ ಕಟ್ಟಿಕೊಳ್ಳುತ್ತದೆ. ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ.

ಟರ್ಬೊದ ಮಾತು ಬಂದದ್ದರಿಂದ ಎರಡನೆಯ ಪ್ರಶ್ನೆಗೆ, ದರ್ಜೆಗೆ, ಸುಲಭವಾಗಿ ದಾಟಬಹುದು. ಡಬ್ಬಿಯ ಹಿಂದೆ ಎಪಿಐ ಎಸ್‌ಎನ್, ಎಪಿಐ ಎಸ್‌ಪಿ ಎಂದಿರುತ್ತದೆ. ಎಸ್ ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿನದು, ಸಿ ಎಂದರೆ ಡೀಸೆಲ್‌ದು. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯೂ 2025ರದ್ದು. ಪೆಟ್ರೋಲ್ ದರ್ಜೆಗಳಲ್ಲಿ ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ, ಅಂದರೆ ಮ್ಯಾನ್ಯುಯಲ್ ಎಸ್‌ಎನ್ ಕೇಳಿದ್ದರೆ ಎಸ್‌ಪಿ ಹಾಕಬಹುದು. ತಿರುಗುಮುರುಗು ಮಾಡುವ ಹಾಗಿಲ್ಲ.

ಎಸ್‌ಪಿ ಯಾಕೆ ಬಂತು? ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನನ್ನು ಟಾಪ್ ಗೇರಿನಲ್ಲಿ ನಿಧಾನ ಓಡಿಸುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ, ಸ್ಪಾರ್ಕ್ ಬರುವ ಮೊದಲೇ ಸಿಲಿಂಡರಿನೊಳಗೆ ಬೆಂಕಿ ಹೊತ್ತಿಕೊಳ್ಳುವ ತೊಂದರೆ ಕಾಣಿಸಿಕೊಂಡಿತು. ಎಲ್‌ಎಸ್‌ಪಿಐ ಎಂದು ಅದರ ಹೆಸರು. ಪಿಸ್ಟನ್ ಒಡೆಯುವಷ್ಟು ಜೋರಿನ ಹೊಡೆತ ಅದು. ಹುಡುಕುತ್ತಾ ಹೋದಾಗ ಎಣ್ಣೆಯಲ್ಲಿರುವ ಕ್ಯಾಲ್ಸಿಯಂ ಸೇರ್ಪಡೆ ಅದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂದು ತಿಳಿಯಿತು. ಅದರಲ್ಲಿ ಒಂದು ಪಾಲನ್ನು ತೆಗೆದು ಮೆಗ್ನೀಸಿಯಂ ಹಾಕಿದರು. ನೋಡಿ, ಪಿಎಒ ಇರುವ ಅತ್ಯಂತ ದುಬಾರಿ ಹಳೆಯ ಎಣ್ಣೆಗಿಂತ ಎಸ್‌ಪಿ ದರ್ಜೆಯ ಸಾಧಾರಣ ಬೆಲೆಯ ಎಣ್ಣೆ ಇಂಥ ಎಂಜಿನ್ನಿಗೆ ಹೆಚ್ಚು ಕ್ಷೇಮ.

ಡೀಸೆಲ್‌ನವರಿಗೆ ಬೇರೊಂದು ಎಚ್ಚರಿಕೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಮಾನಕ) ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಎಂಜಿನ್ನಿನಲ್ಲಿ ಅಷ್ಟಿಷ್ಟು ಎಣ್ಣೆ ಯಾವಾಗಲೂ ಸುಡುತ್ತದೆ. ಮಸಿಯನ್ನು ಆ ಫಿಲ್ಟರ್ ಆಗಾಗ ಸುಟ್ಟು ಹೊರಹಾಕಿಕೊಳ್ಳುತ್ತದೆ, ಆದರೆ ಎಣ್ಣೆಯ ಸೇರ್ಪಡೆಗಳ ಬೂದಿ ಸುಡುವುದಿಲ್ಲ, ಅಲ್ಲೇ ಉಳಿಯುತ್ತದೆ. ಆದ್ದರಿಂದ ಬೂದಿ ಕಡಿಮೆ ಇರುವ ಎಣ್ಣೆ ಬೇಕು. ಎಸಿಇಎ ಪಟ್ಟಿಯಲ್ಲಿ ಸಿ ಎಂದು ಶುರುವಾಗುವ ಸಿ2, ಸಿ3, ಸಿ5 ಅಂಥವು; ಇದು ಆಗ ಹೇಳಿದ ಎಪಿಐನ ಸಿ ಅಲ್ಲ. ಸಿ3ಯಲ್ಲಿ ಬೂದಿ 0.8 ಶೇಕಡಾ ಮೀರುವಂತಿಲ್ಲ. ಲಾರಿಗೆ ಹಾಕುವ ಹಳೆಯ 15ಡಬ್ಲ್ಯೂ-40 ಅಗ್ಗದ ಬೆಲೆಗೆ ಸಿಕ್ಕಿತೆಂದು ಈ ಕಾರಿಗೆ ಹಾಕಿದರೆ, ಎಣ್ಣೆಯಲ್ಲಿ ಉಳಿಸಿದ್ದನ್ನು ಫಿಲ್ಟರಿಗೆ ಎಷ್ಟೋ ಪಟ್ಟು ತೆರಬೇಕಾಗುತ್ತದೆ.

ಕೆಲವು ಕಂಪನಿಗಳು ತಮ್ಮದೇ ಸಂಖ್ಯೆ ಕೊಡುತ್ತವೆ. ಫೋಕ್ಸ್‌ವ್ಯಾಗನ್ 502 00, 504 00, 508 00 ಎನ್ನುತ್ತದೆ, ಮರ್ಸಿಡಿಸ್ 229.5 ಎನ್ನುತ್ತದೆ. ಮ್ಯಾನ್ಯುಯಲ್‌ನಲ್ಲಿ ಇಂಥ ಸಂಖ್ಯೆ ಇದ್ದರೆ ಅದೇ ಸಂಖ್ಯೆ ಡಬ್ಬಿಯ ಮೇಲೂ ಇರಬೇಕು. ಇರುವ ರೀತಿಯನ್ನೂ ನೋಡಿ. 'ಅನುಮೋದನೆ ಪಡೆದಿದೆ' ಎಂದರೆ ಕಾರು ಕಂಪನಿ ಪರೀಕ್ಷೆ ಮಾಡಿಸಿ ಒಪ್ಪಿದೆ. 'ಇಂಥಲ್ಲಿ ಬಳಸಲು ಸೂಕ್ತ' ಎಂದರೆ ಎಣ್ಣೆ ಮಾಡಿದವರೇ ಹೇಳಿಕೊಂಡದ್ದು. ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಎಣ್ಣೆಯಲ್ಲೇ ತೋಯ್ದು ಓಡುತ್ತದೆ. ಆ ರಬ್ಬರಿಗೆ ಒಗ್ಗದ ಎಣ್ಣೆ ಹಾಕಿದರೆ ಬೆಲ್ಟ್ ಸಿಪ್ಪೆ ಬಿಟ್ಟು, ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಸೇರಿಕೊಳ್ಳುತ್ತವೆ. ಇಂಥ ಎಂಜಿನ್ನಿಗೆ 'ಒಳ್ಳೆಯ ಸಿಂಥೆಟಿಕ್' ಎನ್ನುವುದು ಸಾಲದು, ಹೇಳಿದ ಸಂಖ್ಯೆಯೇ ಬೇಕು.

ಮೂರನೆಯ ಪ್ರಶ್ನೆ, ಎಷ್ಟು ದಿನಕ್ಕೆ ಬದಲಾವಣೆ. ನನ್ನ ಅನುಭವದಲ್ಲಿ ಎಂಜಿನ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿ.

ಒಬ್ಬರು ಮೇಷ್ಟ್ರು ಇದ್ದರು. ಕಾರನ್ನು ಮಗುವಿನಂತೆ ನೋಡಿಕೊಳ್ಳುವವರು. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ವಾಪಸ್ ಮೂರು. ಯಾವಾಗಲೂ ಅತಿ ದುಬಾರಿ ಸಿಂಥೆಟಿಕ್ ಎಣ್ಣೆಯನ್ನು ತಾವೇ ತಂದು ಕೊಡುತ್ತಿದ್ದರು. ಒಂದು ಸಲ ಎರಡೂವರೆ ವರ್ಷ ಬಿಟ್ಟು ಬಂದರು. "ಸಿಂಥೆಟಿಕ್ ಅಲ್ಲವೇ, ಓಡಿರುವುದೂ ನಾಲ್ಕು ಸಾವಿರ" ಎಂದರು. ನಾನು ಆಯಿಲ್ ಹಾಕುವ ಮುಚ್ಚಳ ತೆಗೆದೆ. ಒಳಗೆ ಹಾಲು ಜಾಸ್ತಿ ಹಾಕಿದ ಕಾಫಿಯ ನೊರೆಯಂಥದ್ದು ಮೆತ್ತಿಕೊಂಡಿತ್ತು. ಮೂರು ಕಿಲೋಮೀಟರಿನಲ್ಲಿ ಎಣ್ಣೆ ಕಾಯುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಒಳಗೇ ತಣಿದು ಎಣ್ಣೆಗೆ ಇಳಿಯುತ್ತದೆ, ಸುಡದೆ ಉಳಿದ ಪೆಟ್ರೋಲೂ ಪಿಸ್ಟನ್ ಪಕ್ಕದಿಂದ ಜಾರಿ ಸೇರಿಕೊಳ್ಳುತ್ತದೆ. ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಹೋಗುತ್ತವೆ, ಕಾಯದಿದ್ದರೆ ಕೂಡುತ್ತಲೇ ಇರುತ್ತವೆ. ಅದಕ್ಕೇ ಕಂಪನಿಗಳು '10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಎನ್ನುವುದು. ಮೇಷ್ಟ್ರು ಆ 'ಅಥವಾ'ವನ್ನು ಓದಿರಲಿಲ್ಲ.

ಅದೇ ಹೊತ್ತಿನಲ್ಲಿ ನನ್ನಲ್ಲಿಗೆ ಹುಬ್ಬಳ್ಳಿ-ಬೆಂಗಳೂರು ದಾರಿಯಲ್ಲಿ ಬಾಡಿಗೆ ಓಡಿಸುತ್ತಿದ್ದ ಒಬ್ಬ ಡ್ರೈವರ್ ಬರುತ್ತಿದ್ದ. ಕಂಪನಿ ಹೇಳಿದ ಗ್ರೇಡಿನ ಮಾಮೂಲಿ ಎಣ್ಣೆ, ತಾರೀಖು ತಪ್ಪದ ಬದಲಾವಣೆ. ಮೂರು ಲಕ್ಷ ಕಿಲೋಮೀಟರ್ ದಾಟಿದರೂ ಅವನ ಎಂಜಿನ್ ಬಿಚ್ಚಬೇಕಾಗಿ ಬರಲಿಲ್ಲ.

ಈಗ ಒಂದು ಲೆಕ್ಕ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸರಾಸರಿ ಗಂಟೆಗೆ 20 ಕಿಲೋಮೀಟರ್ ಎಂದಿಟ್ಟುಕೊಳ್ಳಿ. 10,000 ಕಿಲೋಮೀಟರ್ ಓಡಲು ಎಂಜಿನ್ 500 ಗಂಟೆ ದುಡಿಯುತ್ತದೆ. ಹೆದ್ದಾರಿಯಲ್ಲಿ ಸರಾಸರಿ 60 ಇದ್ದರೆ ಅದೇ ದೂರಕ್ಕೆ 167 ಗಂಟೆ. ಮೀಟರಿನಲ್ಲಿ ಎರಡೂ ಒಂದೇ ಅಂಕಿ, ಎಣ್ಣೆಯ ಪಾಲಿಗೆ ಮೂರು ಪಟ್ಟು ವ್ಯತ್ಯಾಸ. ಬಹುತೇಕ ಮ್ಯಾನ್ಯುಯಲ್‌ಗಳಲ್ಲಿ 'ಕಠಿಣ ಬಳಕೆ' ಎಂದು ಇನ್ನೊಂದು ಪಟ್ಟಿ ಇರುತ್ತದೆ. ಸಣ್ಣ ಸಣ್ಣ ಓಡಾಟ, ಹೆಚ್ಚು ಐಡಲಿಂಗ್, ಧೂಳು, ಘಾಟಿ ಎಲ್ಲ ಅದರಲ್ಲಿ ಬರುತ್ತದೆ. ನಮ್ಮಲ್ಲಿ ಬಹುಪಾಲು ಜನ ಆ ಪಟ್ಟಿಗೆ ಸೇರಿದವರು. ಸಿಲ್ಕ್ ಬೋರ್ಡ್ ದಾಟಿ ದಿನಾ ಕೆಲಸಕ್ಕೆ ಹೋಗುವವರು ಸಿಂಥೆಟಿಕ್ ಹಾಕಿದ್ದರೂ 5,000ದಿಂದ 7,500ರೊಳಗೆ ಬದಲಿಸಿ ಎಂದು ನಾನು ಹೇಳುತ್ತೇನೆ. 'ಸಿಂಥೆಟಿಕ್ ಹಾಕಿದ್ದೀವಿ, 20,000ದವರೆಗೂ ನೋಡೋದೇ ಬೇಡ' ಎನ್ನುವ ಮಾತನ್ನು ನಂಬಬೇಡಿ. ಪ್ರತಿ ಸಲವೂ ಫಿಲ್ಟರ್ ಬದಲಿಸಿ, ಡ್ರೈನ್ ಬೋಲ್ಟಿನ ವಾಷರೂ ಹೊಸದಿರಲಿ.

ಬ್ರ್ಯಾಂಡಿನ ಪ್ರಶ್ನೆ ಈಗ. ಗ್ರೇಡು, ದರ್ಜೆ, ಸಂಖ್ಯೆ ಮೂರೂ ಕೂಡಿಬಂದರೆ ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ಗಲ್ಫ್, ಮೊಟುಲ್ ಯಾವುದಾದರೂ ನಡೆಯುತ್ತದೆ. ಬ್ರ್ಯಾಂಡಿಗಿಂತ ಅಂಗಡಿ ಮುಖ್ಯ, ಏಕೆಂದರೆ ನಕಲಿ ಡಬ್ಬಿಗಳ ಹಾವಳಿ ಇದೆ. ಪರಿಚಯದ ಡೀಲರ್ ಅಥವಾ ಪೆಟ್ರೋಲ್ ಬಂಕ್‌ನಲ್ಲಿ ಕೊಳ್ಳಿ. ಮುಚ್ಚಳದ ಸೀಲು, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ ನೋಡಿ. ನಿಮ್ಮೆದುರೇ ಸೀಲು ಒಡೆಸಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ತೂತು ಮಾಡಿ ಅಥವಾ ಕೊಯ್ದು ಹಾಕಿ, ಮತ್ತೆ ಅದನ್ನು ಯಾರೂ ತುಂಬಿಸುವಂತಾಗಬಾರದು. ಎಂಜಿನ್ನಿಗೆ ಮೂರು ಲೀಟರ್ ಚಿಲ್ಲರೆ ಹಿಡಿಯುತ್ತದೆ ಎಂದಾದರೆ ನಾಲ್ಕು ಲೀಟರಿನ ಡಬ್ಬಿ ಪೂರ್ತಿ ಸುರಿಸಬೇಡಿ. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ. ಎಣ್ಣೆಗೆ ಸೇರಿಸಿ ಎಂದು ಮಾರುವ ಸಣ್ಣ ಶೀಸೆಗಳ ಔಷಧ ಬೇಡ. ಒಳ್ಳೆಯ ಎಣ್ಣೆಯಲ್ಲಿ ಬೇಕಾದದ್ದು ಬೇಕಾದಷ್ಟೇ ಇರುತ್ತದೆ.

ಇನ್ನು ನೀವು ಕೇಳಿ.

"ಸರ್, ನಂದು 2011ರ ಕಾರು. ಇಲ್ಲೀವರೆಗೂ ಮಿನರಲ್ ಆಯಿಲೇ. ಈಗ ಸಿಂಥೆಟಿಕ್ ಹಾಕಿದ್ರೆ ಸೀಲೆಲ್ಲ ಲೀಕ್ ಆಗತ್ತೆ ಅಂತಾರೆ?"

ಮೊದಮೊದಲ ಸಿಂಥೆಟಿಕ್ ಎಣ್ಣೆಗಳ ಕಾಲದ ಮಾತು ಅದು. ಆಗ ಕೆಲವು ಎಣ್ಣೆಗಳಿಗೆ ರಬ್ಬರ್ ಸೀಲು ಕುಗ್ಗುತ್ತಿತ್ತು. ಈಗ ಸೀಲಿನ ಪರೀಕ್ಷೆ ದರ್ಜೆಯೊಳಗೇ ಸೇರಿದೆ. ಮೊದಲೇ ಬಿರುಕು ಬಿಟ್ಟು, ಜಿಡ್ಡಿನಿಂದ ಮುಚ್ಚಿಕೊಂಡಿದ್ದ ಸೀಲು ಹೊಸ ಎಣ್ಣೆ ತೊಳೆದಾಗ ಸೋರಬಹುದು, ಅದು ಹಳೆಯ ಗಾಯ. ಎಂಜಿನ್ ಎಣ್ಣೆ ಕುಡಿಯದೆ ನೆಟ್ಟಗಿದ್ದು, ಮ್ಯಾನ್ಯುಯಲ್ ಮಿನರಲ್ ಸಾಕು ಎಂದಿದ್ದರೆ, ಅದನ್ನೇ ಮುಂದುವರಿಸಿ ಹೊತ್ತಿಗೆ ಸರಿಯಾಗಿ ಬದಲಿಸಿದರೂ ಏನೂ ತಪ್ಪಿಲ್ಲ. ನಿಮ್ಮ ಕಾರಿಗೆ ನಾನಾದರೆ ಅದನ್ನೇ ಮಾಡುತ್ತೇನೆ.

"ದಾರೀಲಿ ಎಣ್ಣೆ ಕಡಿಮೆ ಆದ್ರೆ ಬೇರೆ ಕಂಪನಿದು ಬೆರೆಸಬಹುದಾ?"

ಬೆರೆಸಬಹುದು. ಎಪಿಐ ದರ್ಜೆಯ ಎಣ್ಣೆಗಳು ಒಂದರೊಳಗೊಂದು ಕಲೆಯಲೇಬೇಕು ಎಂಬುದು ನಿಯಮ. ಎಣ್ಣೆ ಇಲ್ಲದೆ ಓಡಿಸುವುದಕ್ಕಿಂತ ಅದು ನೂರು ಪಾಲು ಮೇಲು. ಊರಿಗೆ ಬಂದ ಮೇಲೆ ಪೂರ್ತಿ ಬದಲಿಸಿ.

"ಕಾರಿಗೆ ತಂದು ಉಳಿದ ಸಿಂಥೆಟಿಕ್ ಅನ್ನ ನನ್ನ ಬೈಕಿಗೆ ಹಾಕ್ಲಾ ಅಂಕಲ್?"

ಬೇಡಪ್ಪ. ನಿನ್ನ ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಎಣ್ಣೆಯ ಜಾರುವ ಸೇರ್ಪಡೆಗೆ ಕ್ಲಚ್ ಸ್ಲಿಪ್ ಆಗಬಹುದು. ಬೈಕಿಗೆ ಜಾಸೊ ಎಂಎ ಅಥವಾ ಎಂಎ2 ಎಂದು ಬರೆದಿರುವ ಎಣ್ಣೆ ನೋಡು.

"ಡೀಸೆಲ್ ಕಾರಿನ ಎಣ್ಣೆ ಹಾಕಿದ ವಾರಕ್ಕೇ ಕಪ್ಪಾಯ್ತಲ್ಲ ಸರ್, ಡೂಪ್ಲಿಕೇಟಾ?"

ಬಣ್ಣ ನೋಡಿ ಹೇಳಲಾಗದು. ಡೀಸೆಲ್ ಮಸಿಯನ್ನು ಎಣ್ಣೆ ತನ್ನೊಳಗೆ ತೇಲಿಸಿಟ್ಟುಕೊಂಡಿದೆ, ಅದರ ಕೆಲಸವೇ ಅದು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. "ಗ್ಯಾರೇಜಿಂದ ಸುಟ್ಟ ಆಯಿಲ್ ತಂದು ತೋಟದ ಬೇಲಿ ಕಂಬಕ್ಕೆ, ತೊಲೆಗೆ ಗೆದ್ದಲು ಹಿಡೀಬಾರ್ದು ಅಂತ ಬಳೀತೀವಿ. ಸೆಂಟ್ರಿಂಗ್ ಹಲಗೆಗೂ ಅದೇ. ಸಿಂಥೆಟಿಕ್ ಆದ್ರೂ ನಡೀತದಾ?"

ಅಯ್ಯಾ, ಸಿಂಥೆಟಿಕ್ ಇರಲಿ ಮಿನರಲ್ ಇರಲಿ, ಬಳಸಿದ ಮೇಲೆ ಎರಡೂ ವಿಷವೇ. ಅದರಲ್ಲಿ ಮಸಿಯ ಜೊತೆಗೆ ಕ್ಯಾನ್ಸರ್ ತರುವ ಸಂಯುಕ್ತಗಳು, ಸವೆದ ಲೋಹ ಎಲ್ಲ ಇರುತ್ತವೆ. ಮಳೆ ಬಂದರೆ ಕಂಬದಿಂದ ಇಳಿದು ಬಾವಿಯ ದಾರಿ ಹಿಡಿಯುತ್ತದೆ. ಬರಿಗೈಯಲ್ಲಿ ಬಳಿಯುವ ಕೂಲಿಯವರ ಚರ್ಮಕ್ಕೂ ಒಳ್ಳೆಯದಲ್ಲ. ಕಾನೂನಿನಲ್ಲೂ ಅದು ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧಿ ಮಾಡಿ ಮತ್ತೆ ಮೂಲ ಎಣ್ಣೆ ಮಾಡುವ ನೋಂದಾಯಿತ ಘಟಕಗಳಿವೆ. ನಿಮ್ಮ ಗ್ಯಾರೇಜಿನವರು ಯಾರಿಗೆ ಕೊಡುತ್ತಾರೆ ಎಂದು ಕೇಳಿ. ಗಿರಾಕಿ ಕೇಳಿದರೆ ಅವರೂ ಜಾಗ್ರತೆ ಮಾಡುತ್ತಾರೆ.

ಕೊನೆಗೆ ಒಬ್ಬ ತಾಯಿ, ಡಿಪ್‌ಸ್ಟಿಕ್ ನೋಡುವುದು ಹೇಗೆ ಎಂದು ಕೇಳಿದರು. ಎಲ್ಲರೂ ಹೊರಗೆ ಅವರ ಕಾರಿನ ಬಳಿಗೇ ಹೋದೆವು. ಸಮನೆಲದಲ್ಲಿ ನಿಂತಿತ್ತು, ಎಂಜಿನ್ ಆಫ್ ಮಾಡಿ ಎರಡು ಗಂಟೆ ಆಗಿತ್ತು. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಲು ಹೇಳಿದೆ. ಅವರೇ ತೆಗೆದರು. ಎಣ್ಣೆ ಕೆಳಗಿನ ಗುರುತಿಗೂ ಒಂದು ಕೂದಲೆಳೆ ಕೆಳಗಿತ್ತು. "ಈಗ ಯಾವ ಎಣ್ಣೆ ತರಿಸಲಿ?" ಎಂದರು. ಡ್ಯಾಶ್‌ಬೋರ್ಡಿನ ಖಾನೆ ತೆರೆಯಿರಿ ಅಮ್ಮ ಎಂದೆ. ಮ್ಯಾನ್ಯುಯಲ್ ಅಲ್ಲೇ ಇತ್ತು, ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ. ಅವರು ಕವರ್ ಹರಿದು ಪುಟ ತಿರುವಿ, ಬೆರಳಿಟ್ಟು ಗಟ್ಟಿಯಾಗಿ ಓದಿದರು: "0ಡಬ್ಲ್ಯೂ-20." ಪಕ್ಕದ ಮನೆಯ ಹುಡುಗ ಅಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿ, ಬಂಕ್‌ನಿಂದ ತರಲು ಹೊರಟಿದ್ದ.